ಸ್ಟುಡಿಯೋ ಇಟ್ಟಿದ್ದವರೊಬ್ಬರು ಪೆಂಟಾಕ್ಸ್ ಕೆ1000 ಕ್ಯಾಮೆರಾ ಕೊಡ್ತೀನಿ ಅಂತಿದ್ದಾರೆ, ತಗೊಳ್ಳಲಾ? (ತುಮಕೂರು)

ಶೆಟ್ಟಿಹಳ್ಳಿ ಗೇಟ್
ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ಮೊಬೈಲಲ್ಲೇ ಫೋಟೋ ಹೊಡ್ಕೊಂಡಿದ್ದವನು. ಹೋದ ತಿಂಗಳು ಮನೆ ಸುಣ್ಣ ಹೊಡೆಸುವಾಗ ಅಟ್ಟದಿಂದ ಅಜ್ಜನ ಕಾಲದ ಆಲ್ಬಂ ಇಳಿಸಿದ್ವಿ, ಅವತ್ತಿಂದ ರೀಲ್ ಕ್ಯಾಮೆರಾ ಹುಚ್ಚು ಹತ್ತಿದೆ. ನಮ್ಮ ಹಿಂದಿನ ಬೀದಿಯಲ್ಲಿ ಸ್ಟುಡಿಯೋ ಇಟ್ಟಿದ್ದ ಯಜಮಾನರೊಬ್ಬರು ಇದ್ದಾರೆ, ಅಂಗಡಿ ಮುಚ್ಚಿ ಏಳೆಂಟು ವರ್ಷ ಆಯ್ತು. ಅವರ ಬೀರುವಿನಲ್ಲಿ ಎರಡು ಕ್ಯಾಮೆರಾ ಇವೆ. ಒಂದು ಪೆಂಟಾಕ್ಸ್ ಕೆ1000, 50 ಎಂಎಂ ಎಫ್2 ಲೆನ್ಸ್ ಸಮೇತ ಏಳು ಸಾವಿರ. ಇನ್ನೊಂದು ಕ್ಯಾನನ್ ಎಇ-1, ಐದು ಸಾವಿರ. ಕ್ಯಾನನ್‌ಗೆ ಬ್ಯಾಟರಿ ಇಲ್ಲ, "ಹಾಕಿದ್ರೆ ಓಡುತ್ತೆ ಬಾರಯ್ಯ" ಅಂತಾರೆ. ನೋಡೋಕೆ ಕ್ಯಾನನ್ನೇ ಚೆನ್ನಾಗಿದೆ, ಬೆಲೆನೂ ಕಮ್ಮಿ. ಯಾವುದು ತಗೊಳ್ಳಲಿ? ಏನೇನು ನೋಡಿ ತಗೊಳ್ಳಲಿ? ನಂಗೆ ಎಬಿಸಿಡಿ ಗೊತ್ತಿಲ್ಲ.

ತಟ್ಟೆ ಇಡ್ಲಿ
ಕ್ಯಾಮೆರಾಗೆ ಏಳು ಸಾವಿರ, ಆಮೇಲೆ ರೋಲಿಗೆ ಸಾವಿರದ ಮೇಲೆ, ತೊಳೆಸಿ ಸ್ಕ್ಯಾನ್ ಮಾಡ್ಸೋಕೆ ಇನ್ನೊಂದು ಐನೂರು. ಗುರು, ಈ ದುಡ್ಡಲ್ಲಿ ಕ್ಯಾತ್ಸಂದ್ರದಲ್ಲಿ ಎಷ್ಟು ದಿನ ಬೆಳಗ್ಗೆ ತಿಂಡಿ ಆಗುತ್ತೆ ಲೆಕ್ಕ ಹಾಕಿದ್ಯಾ?

ಹಳೇ ಸ್ಟುಡಿಯೋ
ತಮ್ಮಾ, ಅವರ ತಿಂಡಿ ಲೆಕ್ಕ ಆಮೇಲೆ ನೋಡೋಣ. ಮೊದಲು ಕ್ಯಾಮೆರಾ. ನಾನೂ ತುಮಕೂರಿನವನೇ, ಇಪ್ಪತ್ತೈದು ವರ್ಷ ಮದುವೆ, ಮುಂಜಿ, ಪಾಸ್‌ಪೋರ್ಟ್ ಸೈಜು ಅಂತ ಇದರಲ್ಲೇ ಬದುಕಿದವನು.

ಎಇ-1 ಕೆಟ್ಟ ಕ್ಯಾಮೆರಾ ಅಲ್ಲ. 1976ರಲ್ಲಿ ಬಂತು, ಒಳಗೆ ಎಲೆಕ್ಟ್ರಾನಿಕ್ ಶಟರ್ (ಫಿಲ್ಮಿಗೆ ಬೆಳಕು ಬಿಡೋ ಪರದೆ). ಆರು ವೋಲ್ಟಿನ ಪುಟ್ಟ ಬ್ಯಾಟರಿ ಇಲ್ಲದೆ ಅದು ಒಂದು ಕ್ಲಿಕ್ಕೂ ಮಾಡಲ್ಲ. ಹಂಗಾಗಿ ಬ್ಯಾಟರಿ ಹಾಕಿ ನೋಡದೆ ಅದಕ್ಕೆ ಐದು ಸಾವಿರ ಕೊಡೋದು ಕಣ್ಣು ಮುಚ್ಚಿ ದನ ಕೊಂಡಂಗೆ. ಕ್ಲಿಕ್ ಮಾಡಿದಾಗ ಕೀಚ್ ಅಂತ ಕೆಮ್ಮಿದ ಹಾಗೆ ಸದ್ದು ಬಂದ್ರೆ ಒಳಗೆ ಎಣ್ಣೆ ಒಣಗಿದೆ ಅಂತ. ಆ ಮಾಡೆಲ್ಲಿಗೇ ಅಂಟಿದ ಕಾಯಿಲೆ ಅದು.

ಕೆ1000 ಪೂರ್ತಿ ಮೆಕ್ಯಾನಿಕಲ್. ಅದೂ 1976ರಲ್ಲೇ ಬಂದು 1997ರ ತನಕ ತಯಾರಾಯ್ತು, ಅಷ್ಟು ದಿನ ಓಡಿದ ಮಾಡೆಲ್ ಕಮ್ಮಿ. ಬ್ಯಾಟರಿ ಬೇಕಾಗೋದು ಬೆಳಕು ಅಳೆಯೋ ಮೀಟರಿಗೆ ಮಾತ್ರ, ವಾಚಿನಂಗಡೀಲಿ ಸಿಗೋ ಎಲ್‌ಆರ್44 ಒಂದು ಸಾಕು. ಬ್ಯಾಟರಿ ಸತ್ತರೂ ಕ್ಯಾಮೆರಾ ಸಾಯಲ್ಲ. ಮೀಟರಿಗೆ ಆನ್-ಆಫ್ ಸ್ವಿಚ್ಚೂ ಇಲ್ಲ. ಬೆಳಕು ಕಂಡಷ್ಟು ಹೊತ್ತು ಬ್ಯಾಟರಿ ತಿಂತಾ ಇರುತ್ತೆ, ಆದ್ದರಿಂದ ಕೆಲಸ ಮುಗಿದ ಮೇಲೆ ಲೆನ್ಸ್ ಮುಚ್ಚಳ ಹಾಕೋದೇ ಅದರ ಸ್ವಿಚ್ಚು. ಮೇಲಿನ ಮೂತಿ ಮೇಲೆ ಅಸಾಹಿ ಅಂತ ಬರೆದಿದ್ರೆ ಹಳೇದು, ಮೇಲು ತಳ ಎರಡೂ ಲೋಹ. ಕೊನೆಕೊನೆಗೆ ಚೀನಾದಲ್ಲಿ ಮಾಡಿದ್ದಕ್ಕೆ ಪ್ಲಾಸ್ಟಿಕ್ ಹೊದಿಕೆ.

ನೋಡೋದು ಹಿಂಗೆ. ಹಗಲು ಹೊತ್ತು ಹೋಗು. ಲೆನ್ಸ್ ಬಿಚ್ಚಿಸು, ಹಿಂದಿನ ಬಾಗಿಲು ತೆಗಿ. ಒಳಗೆ ಬಟ್ಟೆ ಪರದೆ ಕಾಣುತ್ತೆ, ಅದಕ್ಕೆ ಬೆರಳು ತಾಗಿಸಬೇಡ. ಸುಕ್ಕು, ಸೂಜಿ ತೂತು ಇದೆಯಾ ನೋಡು. ಒಂದು ಸೆಕೆಂಡಿಗೆ ಇಟ್ಟು ಹೊಡಿ, ಬಾಯಲ್ಲಿ "ನೂರಾ ಒಂದು" ಅನ್ನೋವಷ್ಟು ಹೊತ್ತು ತೆರೆದಿರಬೇಕು. ಆಮೇಲೆ ಸಾವಿರಕ್ಕೆ (ಸೆಕೆಂಡಿನ ಸಾವಿರದ ಒಂದು ಭಾಗ) ಇಟ್ಟು ಆಕಾಶದ ಕಡೆ ಹಿಡಿದು, ಹಿಂದಿನಿಂದ ನೋಡ್ತಾ ಹೊಡಿ. ಮಿಂಚು ಹೊಡೆದಂಗೆ ಪೂರ್ತಿ ಚೌಕ ಬೆಳಗಬೇಕು. ಒಂದೇ ಸಲ ಅಲ್ಲ, ಹತ್ತು ಸಲ. ಲೆನ್ಸನ್ನ ಬೆಳಕಿಗೆ ಹಿಡಿದು ಒಳಗೆ ನೋಡು, ಜೇಡರ ಬಲೆ ತರ ಎಳೆ ಕಂಡ್ರೆ ಫಂಗಸ್. ಧೂಳು ನಾಲ್ಕು ಕಣ ಇದ್ರೆ ಚಿಂತೆ ಬೇಡ, ಫೋಟೋದಲ್ಲಿ ಬರಲ್ಲ. ಬಾಗಿಲ ಅಂಚಿನ ಕರೀ ಸ್ಪಂಜು ಬೆರಳಿಗೆ ಡಾಂಬರು ತರ ಅಂಟಿದ್ರೆ ಅದನ್ನ ಬದಲಾಯಿಸಬೇಕು ಅಂತ ಲೆಕ್ಕ, ಐನೂರು ಇಳಿಸೋಕೆ ಹೇಳು.

ಬೆಲೆ ಕಮ್ಮಿ ಅಂತ ಕ್ಯಾನನ್ ಕಡೆ ಹೋಗಬೇಡ.

ಚಾಂಪಿಯನ್ ರೀಫ್
ಕೆಜಿಎಫ್‌ನಿಂದ. ಹಳೇ ಸ್ಟುಡಿಯೋ ಅವರು ಹೇಳಿದ್ದು ಸರಿ, ಅದ್ರ ಮೇಲೆ ಒಂದು ಮಾತು: ಎದುರಿಗೆ ಕೂತು ನೋಡಿ ತಗೊಳ್ಳೋ ಭಾಗ್ಯ ಬಿಡಬೇಡಿ. ನಾನು ಆನ್‌ಲೈನಲ್ಲಿ ಒಬ್ಬರ ಹತ್ರ ಮಿನೋಲ್ಟಾ ಎಸ್‌ಆರ್‌ಟಿ ಒಂದನ್ನ "ವರ್ಕಿಂಗ್ ಕಂಡಿಷನ್" ಅಂತ ತರಿಸಿದ್ದೆ. ಡಬ್ಬಿ ಬಿಚ್ಚಿದ್ರೆ ಕನ್ನಡಿ ಮೇಲಕ್ಕೆ ಹೋಗಿದ್ದು ಇಳೀತಾನೇ ಇಲ್ಲ. ಫೋನ್ ಮಾಡಿದ್ರೆ "ನಾವು ಕಳಿಸುವಾಗ ಸರಿ ಇತ್ತು, ಕೊರಿಯರ್‌ನವರು ಬೀಳಿಸಿರಬೇಕು". ಅಷ್ಟೇ, ಮತ್ತೆ ಫೋನ್ ಎತ್ತಲಿಲ್ಲ. ಸರಿಯಾಗೇ ಇದ್ದಿದ್ರೂ ತಲೆನೋವು ತಪ್ಪುತ್ತಿರಲಿಲ್ಲ: ಆ ಕಾಲದ ಕ್ಯಾಮೆರಾಗಳ ಮೀಟರ್ 1.35 ವೋಲ್ಟಿನ ಪಾದರಸದ ಬ್ಯಾಟರಿ ಲೆಕ್ಕದಲ್ಲಿ ಮಾಡಿದ್ದು, ಅದನ್ನ ಈಗ ಮಾರೋ ಹಾಗಿಲ್ಲ. ಕಿವಿ ಮಿಷಿನ್ನಿನ ಜಿಂಕ್ ಬ್ಯಾಟರಿ ಹಾಕಿ ಸುಧಾರಿಸಬೇಕು.

ಈಗ ನನ್ನ ಹತ್ರ ಇರೋದು ರಷ್ಯಾದ ಜೆನಿಟ್ ಇ. ತೂಕ ನೋಡಿದ್ರೆ ಅರ್ಧ ಇಟ್ಟಿಗೆ. ಶಟರ್ ಮೂವತ್ತರಿಂದ ಐನೂರರ ತನಕ, ಅಷ್ಟೇ. ಕಣ್ಣಿಗೆ ಕಾಣೋದಕ್ಕಿಂತ ಜಾಸ್ತಿ ಜಾಗ ಫಿಲ್ಮಿನಲ್ಲಿ ಬರುತ್ತೆ, ಅಂಚಿನಲ್ಲಿ ಯಾರ್ಯಾರೋ ನುಸುಳಿರ್ತಾರೆ. ಆದ್ರೂ ಅದರ ಹೆಲಿಯೋಸ್ 58 ಎಂಎಂ ಲೆನ್ಸಿಗೆ ನಾನು ಸೋತು ಹೋಗಿದ್ದೀನಿ.

ಮೀಟರ್ ಬಗ್ಗೆ ಒಂದು. ನಮ್ಮಲ್ಲಿ ಸೈನೈಡ್ ದಿಬ್ಬಗಳಿವೆಯಲ್ಲ, ಗಣಿ ಮಣ್ಣು ರಾಶಿ ಬಿದ್ದು ಬೆಟ್ಟ ಆಗಿರೋದು, ಬಿಸಿಲಿಗೆ ಬೆಳ್ಳಗೆ ಹೊಳೀತಾವೆ. ಗಣಿ ಮುಚ್ಚಿದ್ದು 2001ರಲ್ಲಿ, ದಿಬ್ಬ ಇನ್ನೂ ಹಂಗೇ ಇದೆ. ಅದ್ರ ಮುಂದೆ ಅಮ್ಮನ್ನ ನಿಲ್ಲಿಸಿ ಮೀಟರ್ ಹೇಳಿದ್ದನ್ನೇ ನಂಬಿ ಹೊಡೆದೆ. ದಿಬ್ಬ ಬೂದಿ ಬಣ್ಣ, ಅಮ್ಮನ ಮುಖ ಕಪ್ಪು. ಮೀಟರಿಗೆ ಏನು ತೋರಿಸಿದ್ರೂ ಅದು ನಡು ಬೂದು ಬಣ್ಣ ಅಂದ್ಕೊಳ್ಳುತ್ತೆ. ಬೆಳ್ಳಗಿರೋದರ ಮುಂದೆ ಒಂದೂವರೆ ಸ್ಟಾಪ್ (ಒಂದು ಸ್ಟಾಪ್ ಅಂದ್ರೆ ಬೆಳಕು ಎರಡರಷ್ಟು) ಜಾಸ್ತಿ ಬೆಳಕು ಕೊಡಬೇಕು ಅಂತ ಆ ಫೋಟೋ ನೋಡಿಯೇ ಕಲಿತದ್ದು. ಅಮ್ಮ ಇನ್ನೂ ಆಡ್ಕೋತಾರೆ.

ಶೆಟ್ಟಿಹಳ್ಳಿ ಗೇಟ್
ಕೆ1000 ತಗೊಂಡೆ! ಆರು ಸಾವಿರದ ಇನ್ನೂರಕ್ಕೆ ಆಯ್ತು. ಆಫೀಸು ಬಿಟ್ಟು ಹೋಗೋ ಹೊತ್ತಿಗೆ ಕತ್ತಲಾಗಿತ್ತು ಸಾರ್, ಆಕಾಶ ಇರಲಿಲ್ಲ, ಟ್ಯೂಬ್‌ಲೈಟ್ ಕಡೆ ಹಿಡಿದು ನೋಡಿದೆ. ಸಾವಿರದಲ್ಲಿ ಏನೋ ಮಿಂಚು ಕಾಣ್ತು. ಒಂದು ಸೆಕೆಂಡು ಕರೆಕ್ಟಾಗಿದೆ. ಸ್ಪಂಜು ನೀವು ಹೇಳಿದಂಗೇ ಅಂಟು ಅಂಟು, ಉಗುರಿನ ಸಂದಿಗೆಲ್ಲ ಹೋಯ್ತು. ಯಜಮಾನರು ಕೊಡುವಾಗ ಒಂದು ಸಲ ಕೈಯಲ್ಲಿ ಹಿಡಿದು ರೀಲ್ ಸುತ್ತೋ ಲಿವರ್ ಎಳೆದು, ಕಿವಿ ಹತ್ರ ಇಟ್ಕೊಂಡು ಕ್ಲಿಕ್ ಮಾಡಿ, "ಹ್ಞೂಂ" ಅಂತ ಅಂದು ಕೊಟ್ಟರು. ಜತೆಗೆ 2006ಕ್ಕೆ ಅವಧಿ ಮುಗಿದ ಕಲರ್ ರೋಲ್ ಎರಡು ಬಿಟ್ಟಿ.

ಹಳೇ ಸ್ಟುಡಿಯೋ
ಹಗಲು ಹೋಗು ಅಂದಿದ್ದೆ. ಟ್ಯೂಬ್‌ಲೈಟೇ ಮಿನುಗ್ತಾ ಇರುತ್ತೆ, ಅದರಲ್ಲಿ ಸಾವಿರ ಗೊತ್ತಾಗಲ್ಲ. ಇರಲಿ, ಶುಭವಾಗಲಿ.

ಸ್ಪಂಜಿಗೆ ಬೆಂಗಳೂರಿಗೆ ಓಡಬೇಡ. ಬಿದಿರು ಕಡ್ಡಿ ತುದಿ ಚೂಪು ಮಾಡಿ, ಔಷಧಿ ಅಂಗಡೀಲಿ ಸಿಗೋ ಐಸೊಪ್ರೊಪೈಲ್ ಸ್ಪಿರಿಟ್ ಹಚ್ಚಿ ಹಳೇ ಅಂಟು ಕೆರೆದು ತೆಗಿ. ಆ ಸಂದಿಗೆ ಕಪ್ಪು ಉಣ್ಣೆ ದಾರ ಒತ್ತಿ ಕೂರಿಸು. ನಾವು ಸ್ವೆಟರ್ ಹೆಣೆಯೋ ದಾರದಲ್ಲೇ ಕಾಲ ತಳ್ಳಿದ್ದೀವಿ. ಕೆರೆಯುವಾಗ ಪುಡಿ ಪರದೆ ಮೇಲೆ ಬೀಳದಂಗೆ ಕಾಗದ ಅಡ್ಡ ಇಡು. ಕನ್ನಡಿ ಮೇಲಿರೋ ಗಾಜಿನ ತರದ ಪರದೆ ಇದೆಯಲ್ಲ, ಫೋಕಸ್ ಸ್ಕ್ರೀನು, ಅದಕ್ಕೆ ಸ್ಪಿರಿಟ್ ತಾಗಿಸಿದೆಯೋ ಕೆಟ್ಟೆ.

ಗುಬ್ಬಿ ಹುಡುಗ
2006ರ ರೋಲ್ ಓಡುತ್ತಾ?

ನಂದಿ ತಪ್ಪಲು
ಓಡಬಹುದು, ಬಣ್ಣ ಹೆಂಗೆ ಬರುತ್ತೋ ದೇವರೇ ಬಲ್ಲ. ಹತ್ತು ವರ್ಷಕ್ಕೆ ಒಂದು ಸ್ಟಾಪ್ ಅಂತ ಒಂದು ಒರಟು ಲೆಕ್ಕ ಇದೆ, 200ರ ರೋಲನ್ನ (ಫಿಲ್ಮ್ ಬೆಳಕಿಗೆ ಎಷ್ಟು ಚುರುಕು ಅನ್ನೋ ನಂಬರು ಅದು) 50 ಅಂತ ಇಟ್ಟು ಹೊಡೆಯೋದು. ಆದ್ರೆ ಶೆಟ್ಟಿಹಳ್ಳಿಯವರೇ, ಮೊದಲ ರೋಲಿಗೆ ಅದನ್ನ ಹಾಕಬೇಡಿ. ತಪ್ಪು ಬಂದ್ರೆ ಕ್ಯಾಮೆರಾದ್ದೋ ರೋಲಿಂದೋ ಗೊತ್ತಾಗಲ್ಲ. ಹೊಸ ರೋಲೇ ಹಾಕಿ, ಕೊಡ್ಯಾಕ್ ಗೋಲ್ಡ್ 200 ಸಾಕು. ಪ್ರತಿ ಫೋಟೋಗೂ ಶಟರ್, ಅಪರ್ಚರ್ (ಲೆನ್ಸಿನ ತೂತಿನ ಅಳತೆ, ಎಫ್ ನಂಬರು) ಎಷ್ಟು ಅಂತ ಚೀಟಿಯಲ್ಲಿ ಬರ್ಕೊಳ್ಳಿ.

ಇನ್ನೊಂದು, ನನ್ನ ಹೊಟ್ಟೆ ಉರಿಯಿಂದ ಹೇಳ್ತಿರೋದು. ಚಿಂತಾಮಣಿಯಲ್ಲಿ ಚಿಕ್ಕಪ್ಪನ ಮಗಳ ಮದುವೆ. ಎರಡು ದಿನ ಹೊಡೆದೆ. ಕೌಂಟರ್ 36 ಆಯ್ತು, 37 ಆಯ್ತು, 39 ಆಯ್ತು, "ಅದೃಷ್ಟ, ರೋಲಲ್ಲಿ ಜಾಸ್ತಿ ಇದೆ" ಅಂತ ಹಿಗ್ಗಿದೆ. ರೀಲಿನ ನಾಲಿಗೆ ಸುತ್ತೋ ಕಡ್ಡಿಗೆ ಸಿಕ್ಕೇ ಇರಲಿಲ್ಲ, ಒಂದಿಂಚೂ ಮುಂದೆ ಹೋಗಿಲ್ಲ. ಧಾರೆ, ಸಪ್ತಪದಿ ಎಲ್ಲ ನನ್ನ ತಲೆಯಲ್ಲಿ ಮಾತ್ರ ಇದೆ. ಲಿವರ್ ಎಳೆದಾಗ ಎಡಗಡೆ ಮೇಲಿರೋ ವಾಪಸ್ ಸುತ್ತೋ ಗುಂಡಿ ತಿರುಗಬೇಕು. ತಿರುಗಿದ್ರೆ ರೀಲ್ ಓಡ್ತಿದೆ, ತಿರುಗದಿದ್ರೆ ನಿಲ್ಲಿಸಿ. ರೋಲ್ ಹಾಕಿದ ತಕ್ಷಣ ಆ ಗುಂಡಿನ ಮೆಲ್ಲಗೆ ತಿರುಗಿಸಿ ಸಡಿಲ ತೆಗೆದಿದ್ರೆ ಚೆನ್ನಾಗಿ ಕಾಣುತ್ತೆ.

ತಟ್ಟೆ ಇಡ್ಲಿ
ಅಕ್ಕ, ಆ ಚಿಕ್ಕಪ್ಪನ ಮಗಳು ಈಗ ಮಾತಾಡಿಸ್ತಾರಾ?

ನಂದಿ ತಪ್ಪಲು
ಮಗು ನಾಮಕರಣಕ್ಕೆ ಕರೆದ್ರು. ಕ್ಯಾಮೆರಾ ತರಬೇಡ ಅಂದ್ರು.

ಶೆಟ್ಟಿಹಳ್ಳಿ ಗೇಟ್
ಮೂರು ವಾರ ಆದ ಮೇಲೆ ಬರ್ತಿದ್ದೀನಿ. ಉಣ್ಣೆ ದಾರ ಹಾಕಿದೆ, ಗೋಲ್ಡ್ 200 ಹಾಕಿದೆ, ಗುಂಡಿ ತಿರುಗೋದು ನೋಡಿದೆ. ತೊಳೆಸೋಕೆ ತುಮಕೂರಲ್ಲಿ ನಾಲ್ಕು ಕಡೆ ಕೇಳಿದೆ. ಒಂದು ಕಡೆ ಹುಡುಗ "ರೀಲ್ ಅಂದ್ರೆ ಇನ್‌ಸ್ಟಾದ್ದಾ?" ಅಂದ. ಕೊನೆಗೆ ಬೆಂಗಳೂರಿಗೆ ಕೊರಿಯರ್ ಮಾಡಿದೆ. ನಿನ್ನೆ ಸ್ಕ್ಯಾನ್ ಬಂತು.

ಅರ್ಧ ಖುಷಿ, ಅರ್ಧ ಬೇಜಾರು. ಕೈದಾಳದ ದೇವಸ್ಥಾನದ ಜಗಲಿ ಮೇಲೆ ಹೂವು ಕಟ್ಟುತ್ತಾ ಕೂತಿದ್ದ ಅಜ್ಜಿಯದ್ದು (ಎಫ್2, 1/60) ಎಷ್ಟು ಚೆನ್ನಾಗಿ ಬಂದಿದೆ ಅಂದ್ರೆ ಅಮ್ಮ ಫ್ರೇಮ್ ಹಾಕಿಸು ಅಂತಿದ್ದಾರೆ. ಆದ್ರೆ ದೇವರಾಯನದುರ್ಗದ ಮೇಲೆ ಹನ್ನೊಂದು ಗಂಟೆ ಬಿಸಿಲಲ್ಲಿ ಹೊಡೆದದ್ದು (ಎಫ್8, 1/1000) ಹನ್ನೆರಡೂ ಹಾಳು. ಒಂದು ಬದಿ ಸರಿಯಾಗಿದೆ, ಇನ್ನೊಂದು ಬದಿಗೆ ಹೋಗ್ತಾ ಹೋಗ್ತಾ ಕಪ್ಪಾಗಿ, ಕೊನೆ ಕಾಲುಭಾಗ ಏನೂ ಇಲ್ಲ. ಬೆರಳು ಅಡ್ಡ ಬಂತಾ?

ಗುಬ್ಬಿ ಹುಡುಗ
ಫ್ಲಾಷ್ ಹಾಕಿದ್ಯಾ? ಕೆ1000ದಲ್ಲಿ ಅರವತ್ತಕ್ಕಿಂತ ಜಾಸ್ತಿ ಇಟ್ಟು ಫ್ಲಾಷ್ ಹಾಕಿದ್ರೆ ಅರ್ಧ ಕಪ್ಪು ಬರುತ್ತೆ ಅಂತ ಓದಿದ್ದೆ.

ಶೆಟ್ಟಿಹಳ್ಳಿ ಗೇಟ್
ಫ್ಲಾಷೇ ಇಲ್ಲ ನನ್ನ ಹತ್ರ. ಹನ್ನೊಂದು ಗಂಟೆ ಬಿಸಿಲಿಗೆ ಫ್ಲಾಷ್ ಯಾಕೆ?

ಚಾಂಪಿಯನ್ ರೀಫ್
ಸ್ಪಂಜು ಬದಲಾಯಿಸಿದ್ದು ಸರಿ ಕೂರಲಿಲ್ವೇನೋ. ಬೆಳಕು ಹೊಡೆದಿರಬೇಕು.

ನಂದಿ ತಪ್ಪಲು
ಬೆಳಕು ಹೊಡೆದ್ರೆ ಅಲ್ಲಿ ಬೆಳ್ಳಗೋ ಕಿತ್ತಳೆಯಾಗೋ ಬರುತ್ತೆ ಕಣ್ರೀ, ಕಪ್ಪಾಗಲ್ಲ. ಶೆಟ್ಟಿಹಳ್ಳಿಯವರೇ, ಸ್ಕ್ಯಾನ್ ನೋಡ್ಬೇಡಿ, ನೆಗೆಟಿವ್ ಎತ್ತಿ ಬೆಳಕಿಗೆ ಹಿಡೀರಿ. ಫೋಟೋದಲ್ಲಿ ಕಪ್ಪಾಗಿರೋ ಜಾಗ ನೆಗೆಟಿವಿನಲ್ಲಿ ಬರೀ ಫಿಲ್ಮಿನ ಬಣ್ಣ ಇದ್ದು ಖಾಲಿ ಇದೆಯಾ?

ಶೆಟ್ಟಿಹಳ್ಳಿ ಗೇಟ್
ಹೌದು. ಆ ಕಡೆ ಏನೂ ಇಲ್ಲ, ಎರಡು ಫೋಟೋ ನಡುವಿನ ಪಟ್ಟಿ ಹೆಂಗಿದೆಯೋ ಹಂಗೇ.

ಹಳೇ ಸ್ಟುಡಿಯೋ
ಹಂಗಾದ್ರೆ ಅಲ್ಲಿಗೆ ಬೆಳಕೇ ಬಿದ್ದಿಲ್ಲ. ಬೆರಳೂ ಅಲ್ಲ, ಬೆರಳಾಗಿದ್ರೆ ನೋಡೋ ಕಿಂಡಿಯಲ್ಲೇ ಕಾಣ್ತಿತ್ತು, ಲೆನ್ಸಲ್ಲಿ ಬಂದಿದ್ದೇ ಕಣ್ಣಿಗೂ ಬರೋದು. ಅಜ್ಜಿ ಫೋಟೋ ಸರಿ ಇದೆ, ಬಿಸಿಲಿನದ್ದು ಮಾತ್ರ ಕೆಟ್ಟಿದೆ. ಅಲ್ಲಿಗೆ ಕಾಯಿಲೆ ಗೊತ್ತಾಯ್ತಲ್ಲ. ಪರದೆ.

ನಿಧಾನವಾಗಿ ಕೇಳು. ಆ ಕ್ಯಾಮೆರಾದಲ್ಲಿ ಎರಡು ಬಟ್ಟೆ ಪರದೆ. ಅರವತ್ತರಲ್ಲಿ ಹೊಡೆದಾಗ ಮೊದಲನೇದು ಪೂರ್ತಿ ಸರಿದು, ಕಿಟಕಿ ಪೂರ್ತಿ ತೆರೆದು, ಆಮೇಲೆ ಎರಡನೇದು ಬಂದು ಮುಚ್ಚುತ್ತೆ. ಸಾವಿರದಲ್ಲಿ ಅಷ್ಟು ಪುರುಸೊತ್ತಿಲ್ಲ. ಮೊದಲನೇದು ಹೊರಟ ಬೆನ್ನಿಗೇ ಎರಡನೇದೂ ಹೊರಡುತ್ತೆ, ಇಬ್ಬರ ನಡುವೆ ಒಂದು ಸಣ್ಣ ಸಂದಿ, ಆ ಸಂದಿನೇ ಫಿಲ್ಮಿನ ಮೇಲೆ ಈ ಕಡೆಯಿಂದ ಆ ಕಡೆಗೆ ಓಡೋದು. ಎಂಟು ವರ್ಷ ಬೀರುವಿನಲ್ಲಿ ಕೂತು ಎಣ್ಣೆ ಗಟ್ಟಿಯಾಗಿದೆ. ಮೊದಲನೇ ಪರದೆ ಏದುಸಿರು ಬಿಡ್ತಾ ಓಡುತ್ತೆ, ಎರಡನೇದು ಹಿಂದಿನಿಂದ ಬಂದು ಅದನ್ನ ಹಿಡಿದುಬಿಡುತ್ತೆ. ಹಿಡಿದ ಜಾಗದಿಂದಾಚೆಗೆ ಸಂದಿನೇ ಇಲ್ಲ, ಕತ್ತಲೆ. ನಿಧಾನ ಸ್ಪೀಡಲ್ಲಿ ಸಂದಿ ಅಗಲ ಇರೋದರಿಂದ ಈ ತೊಂದರೆ ಗೊತ್ತೇ ಆಗಲ್ಲ.

ಈಗ ಬಾಗಿಲು ತೆಗೆದು, ನಾಳೆ ಬೆಳಗ್ಗೆ ತಾರಸಿ ಮೇಲೆ ನಿಂತು ಆಕಾಶದ ಕಡೆ ಸಾವಿರ, ಐನೂರು, ಇನ್ನೂರೈವತ್ತು ಹೊಡೆದು ನೋಡು. ನಿಧಾನ ಸ್ಪೀಡ್ ಸರಿ ಇದೆಯಾ ಅಂತ ಮೊಬೈಲಿನ ಸ್ಲೋ ಮೋಷನ್ನಿನಲ್ಲಿ ವಿಡಿಯೋ ಮಾಡು. ಸೆಕೆಂಡಿಗೆ 240 ಚಿತ್ರ ಹಿಡಿಯೋ ಮೊಬೈಲಾದ್ರೆ, ಮೂವತ್ತರಲ್ಲಿ ಹೊಡೆದಾಗ ಎಂಟು ಚಿತ್ರದಲ್ಲಿ ಕಿಟಕಿ ತೆರೆದಿರಬೇಕು, ಅರವತ್ತಕ್ಕೆ ನಾಲ್ಕು. ನನ್ನ ಮೊಮ್ಮಗ ಹೇಳಿಕೊಟ್ಟದ್ದು, ನಮ್ಮ ಕಾಲದಲ್ಲಿ ಕಿವಿನೇ ಮೀಟರು.

ಶೆಟ್ಟಿಹಳ್ಳಿ ಗೇಟ್
ನೋಡಿದೆ ಸಾರ್. ಸಾವಿರದಲ್ಲಿ ಒಂದು ಬದಿ ಬೆಳಗೋದೇ ಇಲ್ಲ. ಐನೂರರಲ್ಲಿ ಹತ್ತರಲ್ಲಿ ಮೂರು ಸಲ ಅಂಚು ಮಬ್ಬು. ಇನ್ನೂರೈವತ್ತು ಮತ್ತು ಅದರ ಕೆಳಗೆ ಪೂರ್ತಿ ಬರುತ್ತೆ. ಮೂವತ್ತಕ್ಕೆ ಎಂಟು ಚಿತ್ರ ಕರೆಕ್ಟ್! ವಾಪಸ್ ಕೊಟ್ಟುಬಿಡಲಾ?

ಗುಬ್ಬಿ ಹುಡುಗ
ಡಬ್ಲ್ಯೂಡಿ-40 ಸ್ವಲ್ಪ ಹೊಡೆದ್ರೆ?

ಹಳೇ ಸ್ಟುಡಿಯೋ
ಗುಬ್ಬಿ ತಮ್ಮಾ, ಅದು ಗೇಟಿನ ಕೀಲಿಗೆ. ಕ್ಯಾಮೆರಾಗೆ ಹೊಡೆದ್ರೆ ಎಣ್ಣೆ ಹರಿದು ಬಟ್ಟೆಗೆ, ಲೆನ್ಸಿನ ಎಲೆಗೆ, ಎಲ್ಲಾ ಕಡೆ ಹೋಗುತ್ತೆ.

ಶೆಟ್ಟಿಹಳ್ಳಿ, ವಾಪಸ್ ಯಾಕೆ? ಆ ಯಜಮಾನರು ಮೋಸ ಮಾಡಿದ್ದಲ್ಲ, ಮದುವೆ ಮನೆಯಲ್ಲಿ ಜೀವಮಾನ ಅರವತ್ತರಲ್ಲಿ ಫ್ಲಾಷ್ ಹಾಕಿ ಹೊಡೆದವರು ಸಾವಿರ ಯಾವತ್ತು ಮುಟ್ಟಿರ್ತಾರೆ? ಬೆಂಗಳೂರಲ್ಲಿ ಇಂಥದ್ದನ್ನ ಬಿಚ್ಚಿ ತೊಳೆದು ಎಣ್ಣೆ ಹಾಕೋ ಕೈಗಳು ಕೆಲವು ಉಳಿದಿವೆ, ದುಡ್ಡು ಕೂಡಿದಾಗ ಕೊಡು. ಅಲ್ಲಿ ತನಕ ಐನೂರು, ಸಾವಿರ ಇಲ್ಲ ಅಂತಲೇ ತಿಳ್ಕೋ. ಕೆಜಿಎಫ್‌ನವರ ಜೆನಿಟ್ಟಿಗೆ ಸಾವಿರ ಇದೆಯಾ, ಕೇಳು.

ಚಾಂಪಿಯನ್ ರೀಫ್
ಇಲ್ಲ ಸಾರ್. ಇದುವರೆಗೂ ಅದರ ನೆನಪೂ ಬಂದಿರಲಿಲ್ಲ.

ನಂದಿ ತಪ್ಪಲು
ಲೆಕ್ಕನೂ ಸುಲಭ. ಒಳ್ಳೆ ಬಿಸಿಲಲ್ಲಿ ಅಪರ್ಚರ್ 16ಕ್ಕೆ ಇಟ್ಟರೆ ಶಟರ್ ಅಂದ್ರೆ ರೋಲಿನ ನಂಬರಿಗೆ ಹತ್ತಿರದ್ದು, ಇದನ್ನೇ ಸನ್ನಿ 16 ಅನ್ನೋದು. 200ರ ರೋಲಾದ್ರೆ ಎಫ್16ಗೆ 1/250. ನಿಮ್ಮ ಕ್ಯಾಮೆರಾ ಅಲ್ಲಿ ಆರಾಮಾಗಿದೆ. 400ರ ರೋಲ್ ಹಾಕಿದ್ರೆ 1/500 ಬೇಕಾಗುತ್ತೆ, ಅಲ್ಲಿ ಸಿಕ್ಕಿ ಬೀಳ್ತೀರ. ಹಾಗಾಗಿ ಬೆಟ್ಟಕ್ಕೆ 100, 200. ಕಲರ್ ನೆಗೆಟಿವ್ ಒಂದೆರಡು ಸ್ಟಾಪ್ ಬೆಳಕು ಜಾಸ್ತಿಯಾದ್ರೂ ತಡ್ಕೊಳ್ಳುತ್ತೆ, ಕಮ್ಮಿಯಾದ್ರೆ ಮಾತ್ರ ನೆರಳೆಲ್ಲ ಕೆಸರು. ಅನುಮಾನ ಬಂದ್ರೆ ಬೆಳಕಿನ ಕಡೆಗೇ ತಪ್ಪು ಮಾಡಿ.

ತೊಳೆಸೋ ಖರ್ಚು ಭಾರ ಅನಿಸಿದ್ರೆ ಕಪ್ಪು-ಬಿಳುಪಿಗೆ ಬನ್ನಿ. ಕಲರಿಗೆ 38 ಡಿಗ್ರಿ ಕದಲದಂಗೆ ಹಿಡಿಯಬೇಕು. ಕಪ್ಪು-ಬಿಳುಪಿಗೆ ಅಷ್ಟು ನಾಜೂಕಿಲ್ಲ, ಬಚ್ಚಲುಮನೆ ಸಾಕು. ಚಿತ್ರ ಮೂಡಿಸೋ ಡಿ-76 ಡೆವಲಪರ್, ಕಪ್ಪು-ಬಿಳುಪಿನ ಎಚ್‌ಪಿ5 ರೋಲ್, 20 ಡಿಗ್ರಿಗೆ ಏಳೂವರೆ ನಿಮಿಷ. ನಮ್ಮ ಕಡೆ ಏಪ್ರಿಲ್‌ನಲ್ಲಿ ಟ್ಯಾಂಕ್ ನೀರು ಮುಟ್ಟಿದ್ರೆ ಕಾಫಿಗಾಗುತ್ತೆ, ಬಕೆಟ್ಟಿಗೆ ಐಸ್ ಹಾಕಿ ಅದರಲ್ಲಿ ಡೆವಲಪರ್ ಬಾಟಲಿ ನಿಲ್ಲಿಸ್ತೀನಿ. ಬಿಸಿ ಜಾಸ್ತಿಯಾದಷ್ಟೂ ಹೊತ್ತು ಕಮ್ಮಿ, ಐದು ನಿಮಿಷಕ್ಕಿಂತ ಕೆಳಗಿಳಿದ್ರೆ ಫೋಟೋದಲ್ಲಿ ಪಟ್ಟೆ ಬರೋಕೆ ಶುರು. ಆಮೇಲೆ ಹೈಪೋ (ಮೂಡಿದ ಚಿತ್ರ ಗಟ್ಟಿ ನಿಲ್ಲಿಸೋ ಕೆಮಿಕಲ್), ಆಮೇಲೆ ನೀರು.

ಆ ನೀರೇ ನನ್ನನ್ನ ಒಂದು ವರ್ಷ ಗೋಳು ಹೊಯ್ಕೊಂಡದ್ದು. ನಮ್ಮದು ಬೋರ್‌ವೆಲ್. ಪಾತ್ರೆ ಮೇಲೆ ಬಿಳಿ ಪದರ ಕೂರಿಸೋ ನೀರು. ಅದರಲ್ಲೇ ಕೊನೇ ಸಲ ತೊಳೆದು ಒಣಗಹಾಕಿದ್ರೆ ನೆಗೆಟಿವ್ ಮೇಲೆ ರಂಗೋಲಿ ಪುಡಿ ಚೆಲ್ಲಿದಂಗೆ ಚುಕ್ಕೆ. ಭೋಗನಂದೀಶ್ವರ ದೇವಸ್ಥಾನದ ಕಲ್ಯಾಣಿಯ ಒಳ್ಳೇ ಫೋಟೋ ಒಂದರಲ್ಲಿ ಆಕಾಶದ ತುಂಬಾ ನಕ್ಷತ್ರ, ಹಾಡುಹಗಲು! ಕ್ಯಾಮೆರಾ, ರೋಲು, ಕೆಮಿಕಲ್ಲು ಎಲ್ಲದರ ಮೇಲೂ ಅನುಮಾನಪಟ್ಟೆ. ಈಗ ಬೀದಿ ಕೊನೆಯ ಶುದ್ಧ ನೀರಿನ ಘಟಕದಲ್ಲಿ ಐದು ರೂಪಾಯಿ ಕಾಯಿನ್ ಹಾಕಿ ಕ್ಯಾನ್ ತುಂಬಿಸ್ಕೊಂಡು ಬರ್ತೀನಿ. ಮೊದಲೆಲ್ಲ ಬೋರ್ ನೀರಲ್ಲೇ ತೊಳೆದು, ಕಟ್ಟಕಡೆಗೆ ಒಂದು ಸಲ ಈ ನೀರಲ್ಲಿ ಅದ್ದಿ ನೇತುಹಾಕೋದು. ಒಂದು ಚುಕ್ಕೆ ಇಲ್ಲ.

ಹಳೇ ಸ್ಟುಡಿಯೋ
ಹೈಪೋ ವಾಸನೆ ಮೂಗಿಗೆ ಬಂದಂಗಾಯ್ತು ತಾಯಿ. ನಾವು ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್‌ನ "ಇಂದು" ರೋಲ್ ಹೊಡೀತಿದ್ವಿ, ಸರ್ಕಾರದ್ದೇ ಕಾರ್ಖಾನೆ. ನೂರು ಅಡಿ ಡಬ್ಬಿ ತಂದು ಕತ್ತಲಲ್ಲಿ ಕತ್ತರಿಸಿ ಹಳೇ ಡಬ್ಬಿಗಳಿಗೆ ತುಂಬಿದ್ರೆ 36ರ ರೋಲು ಹದಿನೆಂಟು ಆಗ್ತಿತ್ತು. ಈಗಲೂ ಕಪ್ಪು-ಬಿಳುಪಿನ ಡಬ್ಬಿ ಹಂಗೇ ಬರುತ್ತೆ. ನಾಲ್ಕು ಜನ ಸೇರಿ ತರಿಸಿದ್ರೆ ರೋಲಿನ ಖರ್ಚು ಇಳಿಯುತ್ತೆ.

ತಟ್ಟೆ ಇಡ್ಲಿ
ನಾಲ್ಕನೆಯವನು ನಾನಾಗಬಹುದಾ? ಮನೇಲಿ ಮಾವನ ಯಾಶಿಕಾ ಒಂದು ಇದೆ, ಹೇಳಿರಲಿಲ್ಲ ಅಷ್ಟೇ. ಮೇಲಿನ ಲೆದರೆಲ್ಲ ಸಿಪ್ಪೆ ಸುಲಿದಿದೆ.

ಹಳೇ ಸ್ಟುಡಿಯೋ
ಎಫ್‌ಎಕ್ಸ್-3 ಆಗಿರಬೇಕು, ಅದರ ಸಿಪ್ಪೆ ಸುಲಿಯದಿದ್ದರೇನೇ ಆಶ್ಚರ್ಯ. ಹಗಲು ಹೊತ್ತು ಆಕಾಶದ ಕಡೆ ಹಿಡಿದು ನೋಡಪ್ಪ. ಹಗಲು ಹೊತ್ತು.

ಶೆಟ್ಟಿಹಳ್ಳಿ ಗೇಟ್
ಕ್ಯಾಮೆರಾ ಇಟ್ಕೋತೀನಿ. ನಿನ್ನೆ ಯಜಮಾನರಿಗೆ ಅಜ್ಜಿ ಫೋಟೋ ತೋರಿಸೋಕೆ ಹೋಗಿದ್ದೆ. ಮೊಬೈಲಲ್ಲಿ ತೋರಿಸಿದ್ರೆ ನೋಡಲೇ ಇಲ್ಲ, "ನೆಗೆಟಿವ್ ಕೊಡು" ಅಂದ್ರು. ಕಿಟಕಿಗೆ ಹಿಡಿದು ಒಂದೊಂದೇ ನೋಡ್ತಾ ಹೋದ್ರು. ದೇವರಾಯನದುರ್ಗದ್ದು ಬಂದಾಗ "ಎಷ್ಟಕ್ಕೆ ಇಟ್ಟಿದ್ದೆ?" ಅಂದ್ರು. ಸಾವಿರ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಒಳಗೆ ಹೋಗಿ ಐನೂರರ ಎರಡು ನೋಟು ತಂದು ಕೈಗಿಟ್ಟರು, ಬೇಡ ಅಂದ್ರೂ ಬಿಡಲಿಲ್ಲ. ರಿಪೇರಿ ಖಾತೆಗೆ ಎತ್ತಿಟ್ಟಿದ್ದೀನಿ.

ಅಕ್ಕ, ಕಪ್ಪು-ಬಿಳುಪು ರೋಲ್ ಒಂದು ಹಾಕಿದ್ದೀನಿ, 100ರದ್ದು. ಮುಗಿದ ಮೇಲೆ ಒಂದು ಭಾನುವಾರ ಚಿಕ್ಕಬಳ್ಳಾಪುರಕ್ಕೆ ಬಂದ್ರೆ ತೊಳೆಯೋದು ತೋರಿಸ್ತೀರಾ?

ನಂದಿ ತಪ್ಪಲು
ಬನ್ನಿ. ಬೆಳಗ್ಗೆ ಬೇಗ ಬನ್ನಿ, ಹತ್ತರ ಮೇಲೆ ಘಟಕದಲ್ಲಿ ನೀರಿಗೆ ಸಾಲು ಇರುತ್ತೆ. ಐದು ರೂಪಾಯಿ ಕಾಯಿನ್ನೇ ತನ್ನಿ, ನಮ್ಮ ಬೀದಿಯಲ್ಲಿ ಯಾರ ಹತ್ರನೂ ಚಿಲ್ಲರೆ ಇರಲ್ಲ.